ಹಾಜರಿ ಹಾಕುವ ಯಂತ್ರ

ನಿಮ್ಮ ಅಜ್ಜ ತೀರಿಹೋದ ಮೇಲೆ, ಅವರು ಲೆಕ್ಕ ಬರೆಯುತ್ತಿದ್ದ ಕೊಚ್ಚಿಯ ಲ್ಯಾಬಿನವರು ನನ್ನನ್ನು ಕರೆದು ಟೆಲಿಫೋನ್ ಬೋರ್ಡಿನ ಮುಂದೆ ಕೂರಿಸಿದರು. ರಕ್ತ, ಮೂತ್ರ ಪರೀಕ್ಷೆ ಮಾಡುವ ಲ್ಯಾಬ್ ಅದು. ಕಾಸರಗೋಡಿನ ಕಡೆಯ ಹಳ್ಳಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದವಳಿಗೆ ಬೇರೆ ಎಂತ ಕೆಲಸ ಕೊಡುವುದೆಂದು ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಆದರೆ ಆ ಕೆಲಸ ನನಗೆ ಒಗ್ಗಿತು. ಎದುರಿಗೆ ಯಾರ ಮುಖವೂ ಇರುವುದಿಲ್ಲ. ಯಾರು ಬೇಕು ಎಂದು ಕೇಳಿ ಅವರಿಗೆ ಲೈನ್ ಕೊಟ್ಟರೆ ಆಯಿತು. ಡಾಕ್ಟರ್ ತಮ್ಮ ಕೋಣೆಯಲ್ಲಿಲ್ಲದಿದ್ದರೆ ಮೈಕ್ರೋಸ್ಕೋಪಿನ ಕೋಣೆಗೆ ಕೊಡಬೇಕು, ಅಲ್ಲೂ ಇಲ್ಲದಿದ್ದರೆ ಕ್ಯಾಂಟೀನಿಗೆ. ಯಾರು ಎಷ್ಟು ಹೊತ್ತಿಗೆ ಎಲ್ಲಿರುತ್ತಾರೆ ಎಂಬುದು ಕೂತಲ್ಲೇ ಗೊತ್ತಾಗುತ್ತಿತ್ತು.

ಆಗ ನನಗೆ ದುಃಖವಿತ್ತು ಎಂದು ಬರೆದರೆ ಸರಿಯಾಗುವುದಿಲ್ಲ. ಒಂದೇ ಮಗ್ಗುಲಲ್ಲಿ ಮಲಗಿ ಎದ್ದರೆ ಕೈ ಜೋಮು ಹಿಡಿದಿರುತ್ತದಲ್ಲ, ಮುಟ್ಟಿದರೆ ಬೇರೆಯವರ ಕೈ ಮುಟ್ಟಿದ ಹಾಗೆ ಆಗುತ್ತದಲ್ಲ, ಹಾಗೆ ಇದ್ದೆ. ಅಡುಗೆ ಮಾಡುತ್ತಿದ್ದೆ. ಬಸ್ಸು ಹತ್ತುತ್ತಿದ್ದೆ. ನಿಮ್ಮ ಅಮ್ಮನ ಜಡೆ ಹಾಕುತ್ತಿದ್ದೆ. ಅವಳು ಆಗ ಹನ್ನೆರಡನೆಯ ತರಗತಿ, ಸೈನ್ಸ್. ನಾನು ಕನ್ನಡದಲ್ಲಿ ಕೇಳಿದರೆ ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು, ನೀವು ಈಗ ನನಗೆ ಕೊಡುವ ಹಾಗೆಯೇ. ಅಲ್ಲಿಯವರೆಲ್ಲ ಆಡಿದ್ದು ಮಲಯಾಳವೇ. ಅದನ್ನೆಲ್ಲ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಲ್ಯಾಬಿನಲ್ಲಿ ಒಂದು ಪದ್ಧತಿ ಇತ್ತು. ಸಂಜೆ ಬೀಗ ಹಾಕುವಾಗ ಮೇನ್ ಸ್ವಿಚ್ ಇಳಿಸಬೇಕು. ಹಳೆಯ ಕಟ್ಟಡದಲ್ಲಿ ಒಮ್ಮೆ ವಯರು ಸುಟ್ಟು ಹೊಗೆ ತುಂಬಿತ್ತಂತೆ, ಅಂದಿನಿಂದ ಲ್ಯಾಬ್ ಕಟ್ಟಿದ ದೊಡ್ಡ ಸಾರ್ ಮಾಡಿದ ನಿಯಮ. ಫ್ರಿಜ್ಜುಗಳಿಗೆ ಬೇರೆ ಲೈನ್ ಇತ್ತು, ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಬೆಳಗ್ಗೆ ಏಳಕ್ಕೆ ಬಾಗಿಲು ತೆಗೆದರೆ ಮೊದಲು ನಿಲವಿಳಕ್ಕು, ಅಂದರೆ ನಿಲ್ಲಿಸಿಡುವ ಕಂಚಿನ ದೀಪ ಹಚ್ಚಬೇಕು, ದೇವರ ಪಟಕ್ಕೆ ಕೈ ಮುಗಿಯಬೇಕು, ಅದಾದ ಕೂಡಲೇ ಮೇನ್ ಏರಿಸಬೇಕು. ದೀಪ ಹಚ್ಚುವುದು ರಿಸೆಪ್ಶನ್‌ನಲ್ಲಿ ಕೂರುವವಳ ಕೆಲಸ. ನಾನು ಹತ್ತಿರ ಹೋಗುತ್ತಿರಲಿಲ್ಲ. ಹೋಗಬೇಡ ಎಂದು ಅಲ್ಲಿ ಯಾರೂ ಹೇಳಿದವರಲ್ಲ. ನಾನಾಗಿಯೇ ಗೋಡೆಯ ಬದಿಗೆ, ಮೇನ್ ಸ್ವಿಚ್ಚಿನ ಹತ್ತಿರ ನಿಲ್ಲುತ್ತಿದ್ದೆ. ಅಲ್ಲಿ ನಿಂತವಳು ಸ್ವಿಚ್ ಏರಿಸುವುದು ಸಹಜವಲ್ಲವೇ? ಹಾಗೆ ಅದು ನನ್ನ ಕೆಲಸವಾಯಿತು.

ಕೊಚ್ಚಿಯ ಸುತ್ತಮುತ್ತ ಆಲುವ, ಏಲೂರ್, ಮಟ್ಟಾಂಚೇರಿಯಲ್ಲಿ ರಕ್ತ ತೆಗೆದುಕೊಳ್ಳುವ ನಮ್ಮ ಸಣ್ಣ ಸಣ್ಣ ಕೋಣೆಗಳಿದ್ದವು. ತಿರುವನಂತಪುರದಲ್ಲಿ ಒಂದು ಬ್ರಾಂಚ್ ಇತ್ತು. ಎಲ್ಲ ಕಡೆಯೂ ಅದೇ ಪದ್ಧತಿ.

ಹಳೆಯ ಬೋರ್ಡಿಗೆ ಬಿಡಿಭಾಗ ಸಿಗುವುದು ಕಷ್ಟವಾದಾಗ ಮ್ಯಾನೇಜರ್ ಸಾರ್ ಹೊಸ ವ್ಯವಸ್ಥೆ ತರಿಸಿದರು. ಬೋರ್ಡಿನ ಬದಲು ಒಂದು ಕಂಪ್ಯೂಟರು, ರಾತ್ರಿಯೂ ಆರದ ಹಾಗೆ ಫ್ರಿಜ್ಜಿನ ಲೈನಿಗೆ ಸಿಕ್ಕಿಸಿದ್ದು. ಅದರೊಳಗೆ ಫೋನ್ ನಡೆಸುವ ಓಪನ್ ಸೋರ್ಸ್ ಸಾಫ್ಟ್‌ವೇರ್. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು ಎಂಬಂಥದ್ದು. ಎಲ್ಲ ಕಡೆಯ ಫೋನುಗಳೂ ಇಂಟರ್ನೆಟ್ ಮೂಲಕ ಅದಕ್ಕೇ ಸೇರುತ್ತಿದ್ದವು. ಕರೆ ಬಂದರೆ ಅದೇ ಮಾತಾಡುತ್ತದೆ: ರಿಪೋರ್ಟಿಗೆ ಒಂದು ಒತ್ತಿ, ಡಾಕ್ಟರಿಗೆ ಎರಡು ಒತ್ತಿ. ಕಾಯುವವರಿಗೆ ಹಾಡು ಹಾಕುತ್ತದೆ, ಯಾರೂ ಎತ್ತದಿದ್ದರೆ ಹೇಳಿದ ಸಂದೇಶವನ್ನು ಹಿಡಿದಿಡುತ್ತದೆ. ಅದು ಸರಿಯಾಗುವ ತನಕ ಹಳೆಯ ಬೋರ್ಡೂ ಇರಲಿ, ನಾನೂ ಇರಲಿ ಎಂದಾಯಿತು.

ಮ್ಯಾನೇಜರ್ ಸಾರ್ ಕೆಟ್ಟವರಲ್ಲ. ಅಲ್ಲಿ ಎಲ್ಲರಿಗೂ ನಾನು ಅಕ್ಕ, ಚೇಚಿ. ನನ್ನನ್ನು ಕರೆದು ಕೂರಿಸಿಯೇ ಹೇಳಿದರು. "ಚೇಚಿ, ಇದು ಸರಿಯಾಗಿ ನಡೆದರೆ ಆಪರೇಟರ್ ಬೇಕಾಗುವುದಿಲ್ಲ. ನಡೆಯದಿದ್ದರೆ ಹಳೆಯದನ್ನೇ ಹೇಗಾದರೂ ರಿಪೇರಿ ಮಾಡಿಸುವುದು, ಆಗ ನೀವೂ ಇರುತ್ತೀರಿ. ಮೊದಲೇ ಹೇಳಿಬಿಡುವುದು ಒಳ್ಳೆಯದಲ್ಲವಾ?"

"ಹೌದು ಸಾರ್," ಎಂದೆ.

ಕೆಲಸ ಹೋದರೆ ಎಲ್ಲಿಗೆ ಎಂಬುದರಲ್ಲಿ ಸಂಶಯವಿರಲಿಲ್ಲ. ಕಾಸರಗೋಡಿನಲ್ಲಿ ಭಾವನವರ ಮನೆ. ನಿಮ್ಮ ಅಜ್ಜನ ಅಣ್ಣ ಅವರು. ಪ್ರತಿ ಭಾನುವಾರ ಫೋನ್ ಮಾಡಿ, "ಅಲ್ಲಿ ಇಬ್ಬರೇ ಎಂತ ಮಾಡ್ತೀರಿ? ಬನ್ನಿ ಇಲ್ಲಿಗೆ. ಹುಡುಗಿಗೆ ಒಂದು ಒಳ್ಳೆ ಕಡೆ ನೋಡುವಾ," ಎನ್ನುತ್ತಿದ್ದರು. ನಡುವರ್ಷದಲ್ಲಿ ಬಿಟ್ಟು ಹೋದರೆ ನಿಮ್ಮ ಅಮ್ಮನ ಹನ್ನೆರಡನೆಯ ತರಗತಿ ಅಲ್ಲಿಗೇ ನಿಲ್ಲುತ್ತಿತ್ತು, ಓದೂ ನಿಲ್ಲುತ್ತಿತ್ತು. ಅದು ಗೊತ್ತಿತ್ತು. ಗೊತ್ತಿದ್ದೂ ನನಗೆ ಹೆದರಿಕೆಯಾಗಲಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಯೋಚಿಸಿದ ಹಾಗೆ ಯೋಚಿಸಿದೆ.

ಹೊಸ ಯಂತ್ರ ಮಧ್ಯಾಹ್ನವೆಲ್ಲ ಚೆನ್ನಾಗಿಯೇ ಇರುತ್ತಿತ್ತು. ಕೆಡುವುದು ಬೆಳಗ್ಗೆ. ಖಾಲಿ ಹೊಟ್ಟೆಯಲ್ಲಿ ಬರುವವರು, ನಿನ್ನೆಯ ರಿಪೋರ್ಟ್ ಕೇಳುವವರು, ಆಸ್ಪತ್ರೆಯ ಡಾಕ್ಟರುಗಳು, ಎಲ್ಲರ ಕರೆಯೂ ಆ ಹೊತ್ತಿಗೇ. ಒಂದು ಫೋನ್ ರಿಂಗಾಗುವುದಿಲ್ಲ, ಇನ್ನೊಂದರಲ್ಲಿ ಮಾತು ನಡುವೆ ತುಂಡಾಗುತ್ತದೆ. ಏಲೂರಿನಿಂದ ಒಬ್ಬರು ತಾಯಿಯ ಪೊಟ್ಯಾಶಿಯಂ ಎಷ್ಟೆಂದು ಕೇಳಿದರೆ, ಹೇಳುವ ಅಂಕಿಯ ಅರ್ಧದಲ್ಲಿ ಲೈನ್ ಹೋಯಿತು. ನಾನು ಹಳೆಯ ಬೋರ್ಡಿನಿಂದ ಮತ್ತೆ ಅವರಿಗೆ ಮಾಡಿ ಪೂರ್ತಿ ಹೇಳಿಸಬೇಕಾಯಿತು.

"ಚೇಚಿ, ನಿಮ್ಮ ಸವತಿ ಇವತ್ತೂ ಹಾಸಿಗೆ ಬಿಟ್ಟು ಎದ್ದಿಲ್ಲ," ಎನ್ನುತ್ತಿದ್ದಳು ರಿಸೆಪ್ಶನ್‌ನವಳು. ಕಂಪ್ಯೂಟರಿಗೆ ಅವಳಿಟ್ಟ ಹೆಸರು ಅದು.

"ಎದ್ದಾಳು. ಮೊನ್ನೆ ಬಂದವಳಲ್ವಾ," ಎಂದು ನಾನು.

"ಮೊನ್ನೆ ಬಂದವಳ ಠೀವಿ ನೋಡಿ. ಹತ್ತು ಗಂಟೆಗೆ ಏಳ್ತಾಳೆ, ಆಮೇಲೆ ಏನೂ ಆಗದವಳ ಹಾಗೆ ಹಾಡು ಹಾಕ್ತಾಳೆ."

ಅದನ್ನು ಹಾಕಿಕೊಟ್ಟವಳು ತಿರುವನಂತಪುರದ ಒಬ್ಬಳು ಇಂಜಿನಿಯರ್. ಮೂವತ್ತರ ಆಚೆಯ ಹೆಂಗಸು, ಬೇಗ ಬೇಗ ಮಾತಾಡುವವಳು. ಮ್ಯಾನೇಜರ್ ಸಾರ್ ದೂರು ಹೇಳಿದಾಗಲೆಲ್ಲ ಬೆಳಗಿನ ರೈಲು ಹತ್ತಿ ಬರುತ್ತಿದ್ದಳು. ರೈಲಿಳಿದು ಲ್ಯಾಬಿಗೆ ಬರುವಷ್ಟರಲ್ಲಿ ಹತ್ತು ದಾಟಿರುತ್ತಿತ್ತು. ಆಗ ಎಲ್ಲ ಸರಿಯಾಗಿರುತ್ತಿತ್ತು.

"ಎಲ್ಲಿ ಚೇಚಿ ಕೆಟ್ಟಿರುವುದು? ತೋರಿಸಿ."

"ಬೆಳಗ್ಗೆ ಇತ್ತು ಮೋಳೆ," ಎನ್ನುತ್ತಿದ್ದೆ, ಮಗಳೇ ಎಂದು ಕರೆದ ಹಾಗೆ.

"ಡಾಕ್ಟರ ಹತ್ತಿರ ಕರಕೊಂಡು ಹೋದ ಕೂಡಲೇ ಮಗುವಿನ ಜ್ವರ ಬಿಟ್ಟ ಹಾಗಾಯಿತಲ್ಲ," ಎಂದು ತಲೆ ಕೆರೆದುಕೊಂಡು ಸಂಜೆಯ ರೈಲಿಗೆ ಹೋಗುತ್ತಿದ್ದಳು.

ಕೊನೆಗೆ ಮ್ಯಾನೇಜರ್ ಸಾರ್‌ಗೆ ತಾಳ್ಮೆ ಹೋಯಿತು. ಇನ್ನೊಂದು ವಾರ ನೋಡುತ್ತೇನೆ, ಸರಿಯಾಗದಿದ್ದರೆ ನಿಮ್ಮ ಕಂಪ್ಯೂಟರ್ ತೆಗೆದುಕೊಂಡು ಹೋಗಿ ಎಂದರು. ಅವಳು ಹಿಂದಿನ ಸಂಜೆಯೇ ಬಂದು ಉಳಿದು ಬೆಳಗ್ಗೆ ನೋಡುತ್ತೇನೆ ಎಂದಳು. ಒಂಟಿ ಹೆಂಗಸು ಲಾಡ್ಜಿನಲ್ಲಿ ಯಾಕೆ, ಚೇಚಿಯ ಮನೆ ಹತ್ತಿರವೇ ಇದೆಯಲ್ಲ ಎಂದು ಸಾರ್ ಹೇಳಿದರು. ಹಾಗೆ ಅವಳು ನಮ್ಮ ಬಾಡಿಗೆ ಮನೆಗೆ ಬಂದಳು.

ಸೌತೆಕಾಯಿ ಹುಳಿ ಮಾಡಿದ್ದೆ, ಮಜ್ಜಿಗೆ ಇತ್ತು. ಅವಳು ಎಲ್ಲ ಪಾತ್ರೆಗಳ ಮುಚ್ಚಳ ಎತ್ತಿ ನೋಡಿ, "ಮೀನಿಲ್ಲವಾ ಚೇಚಿ?" ಎಂದಳು.

"ಇವರ ಮನೆಗೆ ಬೆಕ್ಕು ಕೂಡ ಬರುವುದಿಲ್ಲ," ಎಂದಳು ನಿಮ್ಮ ಅಮ್ಮ. ಇವರ ಮನೆಯಂತೆ, ತಾನು ಬೇರೆ ಮನೆಯವಳ ಹಾಗೆ.

ಇಬ್ಬರಿಗೂ ಕೂಡಲೇ ಸರಿಹೋಯಿತು. ನಿಮ್ಮ ಅಮ್ಮನ ಶಾಲೆಯಲ್ಲೂ ಆಗ ಓಪನ್ ಸೋರ್ಸ್ ಕಂಪ್ಯೂಟರುಗಳೇ. ಅದರ ಬಗ್ಗೆ ಏನೇನೋ ಮಾತಾಡಿಕೊಂಡರು. ನಾನು ಬಡಿಸುತ್ತಿದ್ದೆ. ಅನ್ನ ಕಲಸುತ್ತಾ ನಿಮ್ಮ ಅಮ್ಮ ಮಾಮೂಲಿ ಸ್ವರದಲ್ಲೇ ಕೇಳಿದಳು:

"ನಿಮ್ಮ ಮೆಷಿನ್ ಸರಿಯಾದರೆ ಅಮ್ಮನ ಕೆಲಸ ಹೋಗ್ತದೆ, ಗೊತ್ತುಂಟಾ?"

ಇಂಜಿನಿಯರಿನ ಕೈ ತಟ್ಟೆಯಲ್ಲೇ ನಿಂತಿತು. "ಯಾರು ಹೇಳಿದ್ದು?"

"ಮ್ಯಾನೇಜರ್ ಸಾರ್. ಕೆಲಸ ಹೋದರೆ ನಾವು ಕಾಸರಗೋಡಿಗೆ. ನಾನು ಪರೀಕ್ಷೆ ಬರೆಯುವುದಿಲ್ಲ. ದೊಡ್ಡಪ್ಪ ಗಂಡು ನೋಡ್ತಾರೆ."

ಅವಳು ನನ್ನ ಮುಖ ನೋಡಿದಳು. ನಾನು ಹುಳಿಯ ಪಾತ್ರೆ ಹಿಡಿದು ನಿಂತಿದ್ದೆ. "ಇನ್ನು ಸ್ವಲ್ಪ ಹಾಕಲಾ?" ಎಂದೆ.

"ಸರಿಯಾಗದಿದ್ದರೆ ನನ್ನ ಕೆಲಸ ಹೋಗ್ತದೆ," ಎಂದಳು ಅವಳು.

"ಹಾಗಾದರೆ ನೀವೂ ಕಾಸರಗೋಡಿಗೆ ಬನ್ನಿ. ನಿಮಗೂ ಗಂಡು ನೋಡ್ತಾರೆ."

ಅವಳು ನಗಲು ಹೋಗಿ ಕೆಮ್ಮಿದಳು. ನಾನು ನೀರು ಕೊಟ್ಟೆ.

ಬೆಳಗ್ಗೆ ಇಬ್ಬರೂ ಒಟ್ಟಿಗೆ ಲ್ಯಾಬಿಗೆ ನಡೆದೆವು. ರಿಸೆಪ್ಶನ್‌ನವಳು ದೀಪ ಹಚ್ಚಿ ಕೈ ಮುಗಿದಳು. ನಾನು ಗೋಡೆಯ ಹತ್ತಿರ ನಿಂತಿದ್ದೆ. ಇಂಜಿನಿಯರ್ ದೀಪದ ಹತ್ತಿರ ಹೋಗದೆ ಲ್ಯಾಪ್‌ಟಾಪ್ ತೆರೆದುಕೊಂಡು ನನ್ನ ಪಕ್ಕದಲ್ಲೇ ನಿಂತಳು. ನಾನು ಮೇನ್ ಏರಿಸಿದೆ. ಟೇಬಲ್ಲುಗಳ ಮೇಲೆ ಫೋನುಗಳ ಸಣ್ಣ ಪರದೆಗಳು ಒಟ್ಟಿಗೆ ಬೆಳಗಿದವು. ಅವಳ ಲ್ಯಾಪ್‌ಟಾಪಿನಲ್ಲಿ ಅಕ್ಷರಗಳ ಸಾಲು ಓಡತೊಡಗಿತು, ನಿಲ್ಲಲೇ ಇಲ್ಲ.

"ಫೋನುಗಳೆಲ್ಲ ರಾತ್ರಿ ಆಫಾ?" ಎಂದಳು.

"ಮೇನ್ ಇಳಿಸ್ತೇವಲ್ಲ," ಎಂದೆ.

"ಆಲುವದಲ್ಲಿ?"

"ಅಲ್ಲೂ. ದೀಪ ಹಚ್ಚಿದ ಮೇಲೆಯೇ ಮೇನ್," ಎಂದು ರಿಸೆಪ್ಶನ್‌ನವಳು ಬತ್ತಿ ಸರಿಮಾಡುತ್ತಾ ಹೇಳಿದಳು. "ದೊಡ್ಡ ಸಾರ್ ಇಟ್ಟ ನಿಯಮ. ನಿಮ್ಮ ತಿರುವನಂತಪುರದಲ್ಲೂ ಏಳಕ್ಕೇ. ಒಂದು ನಿಮಿಷ ಆಚೆ ಈಚೆ ಇಲ್ಲ."

ಇಂಜಿನಿಯರ್ ಕಾಯುವವರ ಬೆಂಚಿನ ಮೇಲೆ ಕುಸಿದು ಕೂತಳು. "ನನ್ನ ಆಫೀಸಿನಲ್ಲಿ ಎಷ್ಟು ಸಲ ಪರೀಕ್ಷೆ ಮಾಡಿದ್ದೇನೆ," ಎಂದಳು. "ಅಲ್ಲಿ ಯಾರೂ ದೀಪ ಹಚ್ಚುವುದಿಲ್ಲ."

ಮೇನ್ ಇಳಿಸುವುದನ್ನು ಬಿಡಬಹುದಾ ಎಂದು ಅವಳು ಕೇಳಿದ್ದಕ್ಕೆ ಮ್ಯಾನೇಜರ್ ಸಾರ್, "ನೀವೇ ಹೋಗಿ ದೊಡ್ಡ ಸಾರ್‌ಗೆ ಹೇಳಿ. ನನಗೆ ಮಕ್ಕಳು ಮರಿ ಇದ್ದಾರೆ," ಎಂದರು. ಒಂದೊಂದು ಕಡೆ ಹತ್ತು ಹತ್ತು ನಿಮಿಷ ತಡವಾಗಿ ಹಾಕಬಹುದಾ ಎಂದಳು. ಏಳರ ದೀಪವನ್ನು ಏಳೂ ಹತ್ತಕ್ಕೆ ಹಚ್ಚು ಎಂದು ಮಟ್ಟಾಂಚೇರಿಯವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆ ದಿನ ಊಟದ ಹೊತ್ತಿನಲ್ಲಿ ಅವಳು ನನಗೆ ವಿವರಿಸಿದಳು. ಯಾಕೆ ನನಗೇ ಹೇಳಿದಳೋ ತಿಳಿಯದು. ಈ ಫೋನುಗಳು ಹಳೆಯವುಗಳ ಹಾಗಲ್ಲ. ಎದ್ದ ಕೂಡಲೇ ತಾನು ಇಂಥ ನಂಬರು, ಇಂಥ ಕಡೆ ಇದ್ದೇನೆ ಎಂದು ಕಂಪ್ಯೂಟರಿಗೆ ಹೇಳಬೇಕು. ಆಗಾಗ ಮತ್ತೆ ಹೇಳುತ್ತಿರಬೇಕು. ಉತ್ತರ ಬರದಿದ್ದರೆ ಪುನಃ ಪುನಃ ಹೇಳುತ್ತವೆ. ಎಲ್ಲ ಕಡೆಯ ಫೋನುಗಳೂ ಒಂದೇ ಗಳಿಗೆಯಲ್ಲಿ ಎದ್ದು ಹೇಳಿದರೆ, ಅದೇ ಹೊತ್ತಿಗೆ ಮಾತನ್ನೂ ಸಾಗಿಸಬೇಕಾದ ಕಂಪ್ಯೂಟರು ಎಂತ ಮಾಡಬೇಕು?

ನಾನು ಓದಿದ್ದು ಒಬ್ಬರೇ ಮಾಸ್ತರಿದ್ದ ಶಾಲೆಯಲ್ಲಿ. ಬೆಳಗ್ಗೆ ಅವರು ಎಲ್ಲ ತರಗತಿಗಳ ಹಾಜರಿ ಕರೆಯುವಷ್ಟರಲ್ಲಿ ಒಂದನೆಯವರು ಅಳುತ್ತಿದ್ದರು, ನಾಲ್ಕನೆಯವರು ಹೊಡೆದಾಡುತ್ತಿದ್ದರು, ಪಾಠ ಶುರುವಾಗುತ್ತಿರಲಿಲ್ಲ. ಅದನ್ನು ಹೇಳಿದೆ.

"ಅದೇ ಚೇಚಿ. ಹಾಜರಿಗೆ ಬೇರೆ ಮಾಸ್ತರನ್ನು ಇಡ್ತೇನೆ."

ಅವಳು ಆ ವಾರದೊಳಗೇ ಇನ್ನೊಂದು ಕಂಪ್ಯೂಟರು ತಂದಳು. ಅದರಲ್ಲಿರುವುದು ಸಿಪ್ ಪ್ರಾಕ್ಸಿ ಎಂದಳು. ಅದೂ ಓಪನ್ ಸೋರ್ಸೇ. ಅದಕ್ಕೆ ಮಾತಾಡಲು ಬರುವುದಿಲ್ಲ, ಹಾಡು ಹಾಕಲು ಬರುವುದಿಲ್ಲ, ಸಂದೇಶ ಹಿಡಿದಿಡಲು ಬರುವುದಿಲ್ಲ. ಹಾಜರಿ ಹಾಕುವುದು, ಬಂದ ಕರೆಯನ್ನು ಎಲ್ಲಿಗೆ ಕಳಿಸಬೇಕೋ ಅಲ್ಲಿಗೆ ದಾಟಿಸುವುದು, ಇಷ್ಟೇ. ಅದನ್ನು ಮುಂದೆ ಇಟ್ಟಳು, ಮೊದಲಿನದನ್ನು ಅದರ ಹಿಂದೆ. ಫೋನುಗಳೆಲ್ಲ ಮುಂದಿನದಕ್ಕೆ ಹೇಳಬೇಕು. ಒಂದು ಒತ್ತಿ ಎರಡು ಒತ್ತಿ ಎನ್ನುವ ಕೆಲಸವಿದ್ದರೆ ಮಾತ್ರ ಕರೆ ಹಿಂದಿನದಕ್ಕೆ ಹೋಗುತ್ತದೆ.

ಜೋಡಿಸಿದ ಕೂಡಲೇ ಸರಿಯಾಯಿತು ಎಂದುಕೊಳ್ಳಬೇಡಿ. ಮುಂದಿನ ಯಂತ್ರದ ಮೂಲಕವೇ ಎಲ್ಲ ಬರುವುದರಿಂದ ಹಿಂದಿನದಕ್ಕೆ ಯಾರು ಯಾರೆಂದು ತಿಳಿಯದೆ, ಎಲ್ಲರೂ ಒಬ್ಬರೇ ಎಂದು ಅದು ತಿಳಿದುಕೊಂಡಿತು. ಯಾರಿಗೆ ಬಂದ ಸಂದೇಶವೂ ನನ್ನ ಟೇಬಲ್ಲಿಗೂ ಕೊಟ್ಟಿದ್ದ ಹೊಸ ಫೋನಿನೊಳಗೆ ಬಂದು ಬೀಳುತ್ತಿತ್ತು. ಡಾಕ್ಟರಿಗೆ ಅವರ ಹೆಂಡತಿ ಹೇಳಿದ್ದು, ಮ್ಯಾನೇಜರ್ ಸಾರ್‌ಗೆ ಆಸಿಡ್ ಮಾರುವವನು ಹೇಳಿದ್ದು, ಮಟ್ಟಾಂಚೇರಿಯವರು ಹತ್ತಿ ಮುಗಿಯಿತು ಎಂದದ್ದು. ನಾನು ಎಲ್ಲವನ್ನೂ ಕೇಳಿ ಅವರವರಿಗೆ ಹೇಳಿದೆ. "ಹೆಂಡತಿ ಎಂತ ಹೇಳಿದಳು ಚೇಚಿ, ಕೋಪದಲ್ಲಿದ್ದಳಾ?" ಎಂದು ಡಾಕ್ಟರ್ ಕೇಳಿದರು. "ಸಂಜೆ ಬೇಗ ಬರಬೇಕಂತೆ," ಎಂದಷ್ಟೇ ಹೇಳಿದೆ. ಕೋಪವೂ ಇತ್ತು.

ಆ ದಿನಗಳಲ್ಲಿ ಇಂಜಿನಿಯರ್ ನನ್ನ ಟೇಬಲಿನ ಎದುರೇ ಕೂರುತ್ತಿದ್ದಳು. ಒಂದೊಂದೇ ಫೋನಿನಿಂದ ನನಗೆ ಕರೆ ಮಾಡಿಸುತ್ತಿದ್ದಳು, ನಾನು ಯಾರ ನಂಬರು ಕಾಣುತ್ತದೆ ಎಂದು ಓದಿ ಹೇಳಬೇಕು. ತಪ್ಪು ಹೇಳಿದರೆ ಆ ಯಂತ್ರ ಇನ್ನಷ್ಟು ದಿನ ಸರಿಯಾಗುತ್ತಿರಲಿಲ್ಲ. ಅದು ಆಗ ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಮಾಡುತ್ತಿರಲಿಲ್ಲವೇನೋ. ಕಂಡದ್ದನ್ನು ಓದಿ ಹೇಳಿದೆ. ಅವಳು ಮುಂದಿನ ಯಂತ್ರ ಪ್ರತಿ ಕರೆಯ ಮೇಲೂ ಇದು ಇಂಥವರದು ಎಂದು ಬರೆದು ಕಳಿಸುವ ಹಾಗೆ ಮಾಡಿದಳು. ಎಲ್ಲ ಅವರವರ ಜಾಗಕ್ಕೆ ಸೇರಿತು.

ಸಾರ್ ಕೊಟ್ಟ ವಾರ ಮುಗಿಯುವ ಸೋಮವಾರ ನಾನು ಮೇನ್ ಏರಿಸಿದಾಗ ಫೋನುಗಳು ಎದ್ದವು, ಕರೆಗಳು ಬಂದವು, ಯಾವುದೂ ತುಂಡಾಗಲಿಲ್ಲ. ಏಲೂರಿನವರು, ಆಲುವದವರು, ತಿರುವನಂತಪುರದವರು ಎಲ್ಲ ಒಟ್ಟಿಗೆ ಮಾತಾಡುತ್ತಿದ್ದರು. ರಿಸೆಪ್ಶನ್‌ನವಳು ನನ್ನ ಕಡೆ ನೋಡಿದಳು, ಸವತಿಯ ಮಾತೆತ್ತಲಿಲ್ಲ. ನನ್ನ ಬೋರ್ಡಿನಲ್ಲಿ ಆ ಬೆಳಗ್ಗೆ ಒಂದು ದೀಪವೂ ಹತ್ತಲಿಲ್ಲ. ಟೀ ಬಂತು, ಕುಡಿದೆ.

ಇನ್ನೊಂದು ವಾರ ಕಳೆದ ಮೇಲೆ ಮ್ಯಾನೇಜರ್ ಸಾರ್ ಕರೆದರು. ಇಂಜಿನಿಯರ್ ಅಲ್ಲೇ ಕೂತಿದ್ದಳು.

"ಆಪರೇಟರ್ ಕೋಣೆಯನ್ನು ರಕ್ತ ತೆಗೆಯಲು ಬಿಟ್ಟುಕೊಡಬೇಕು ಚೇಚಿ," ಎಂದರು ಸಾರ್.

"ಸರಿ ಸಾರ್."

"ಪೂರ್ತಿ ಕೇಳಿ. ತಿರುವನಂತಪುರದಲ್ಲಿ ರಿಪೋರ್ಟ್ ಟೇಬಲ್ಲಿನವಳು ಮದುವೆಯಾಗಿ ಬಿಟ್ಟು ಹೋಗಿದ್ದಾಳೆ. ಅಲ್ಲಿ ಕೂರುತ್ತೀರಾ? ಫೋನ್ ಕೆಲಸವೂ ಇರುತ್ತದೆ."

"ಸರಿಯಾದ ಮೇಲೆ ಫೋನ್ ಕೆಲಸ ಎಂತದು?" ಎಂದು ನಾನು ಕೇಳಿದೆ. ಅಷ್ಟು ಮಾತು ನಾನು ಅವರ ಎದುರು ಆಡಿದ್ದು ಅದೇ ಮೊದಲು.

ಇಂಜಿನಿಯರ್ ಹೇಳಿದಳು. ಒಂದು ಒತ್ತಿ ಎರಡು ಒತ್ತಿ ಎಂದರೆ ಎಷ್ಟೋ ಮಂದಿ ಏನನ್ನೂ ಒತ್ತುವುದಿಲ್ಲ. ಆ ಧ್ವನಿಗೇ ಉತ್ತರ ಕೊಡುತ್ತಾರೆ, ನನಗೆ ಹುಷಾರಿಲ್ಲ ಮೋಳೆ, ಮಗ ಮನೆಯಲ್ಲಿಲ್ಲ ಎನ್ನುತ್ತಾರೆ, ಆಮೇಲೆ ಇಟ್ಟುಬಿಡುತ್ತಾರೆ. ಅವಳು ಅದನ್ನು ರೆಕಾರ್ಡಿನಲ್ಲಿ ಸಾರ್‌ಗೆ ಕೇಳಿಸಿದ್ದಳು. ಏನೂ ಒತ್ತದವರ ಕರೆ ಒಬ್ಬ ಮನುಷ್ಯರಿಗೆ ಹೋಗಬೇಕು. "ಅವರು ಯಾವ ಊರಿನಲ್ಲಿ ಕೂತರೂ ಮುಂದಿನ ಯಂತ್ರಕ್ಕೆ ಒಂದೇ. ಫೋನ್ ಕೊಂಡುಹೋಗಿ ಸಿಕ್ಕಿಸಿದರೆ ಆಯಿತು."

"ಹಾಗಾದರೆ ಇಲ್ಲೇ ಕೂರಬಹುದಲ್ಲ," ಎಂದೆ.

"ಯಂತ್ರಕ್ಕೆ ಒಂದೇ," ಎಂದರು ಸಾರ್. "ನನಗೆ ಇಲ್ಲಿ ಕುರ್ಚಿ ಹಾಕಲು ಜಾಗ ಇಲ್ಲ."

ಮನೆಗೆ ಬಂದು ನಿಮ್ಮ ಅಮ್ಮನಿಗೆ ಹೇಳಿದೆ. ಭಾವನವರ ಮನೆಗೆ ಹೋಗುವುದಾ, ತಿರುವನಂತಪುರಕ್ಕಾ ಎಂದು ಕೇಳಿದೆ. ಎಲ್ಲಿಗೆ ಹೋದರೂ ಅವಳ ಶಾಲೆ ಕೊಚ್ಚಿಯಲ್ಲೇ ಉಳಿಯುತ್ತಿತ್ತು. ಅವಳು ಲೆಕ್ಕ ಮಾಡುತ್ತಿದ್ದವಳು ಪೆನ್ಸಿಲ್ ಕೆಳಗಿಡಲಿಲ್ಲ.

"ಶಾಲೆಯ ಹತ್ತಿರ ಕಾನ್ವೆಂಟ್ ಸಿಸ್ಟರುಗಳ ಹಾಸ್ಟೆಲ್ ಉಂಟು. ಅಲ್ಲಿರ್ತೇನೆ. ನೀನು ತಿರುವನಂತಪುರಕ್ಕೆ ಹೋಗು."

"ಒಬ್ಬಳೇ ಇರ್ತೀಯಾ?"

"ಇಲ್ಲಿಯೂ ಒಬ್ಬಳೇ ಅಲ್ವಾ ಅಮ್ಮ," ಎಂದಳು. ಕನ್ನಡದಲ್ಲೇ ಹೇಳಿದಳು. ಸಿಟ್ಟಿನಿಂದ ಹೇಳಿದ್ದಲ್ಲ. ನಾನು ಅಲ್ಲೇ ಕೂತಿದ್ದೆ, ಅವಳ ಪುಸ್ತಕದ ಮೇಲೆ ನನ್ನ ಕೈಯೂ ಇತ್ತು. ಅವಳು ಹೇಳಿದ್ದು ಸರಿ ಎಂದು ನನಗೆ ಗೊತ್ತಾಯಿತು, ಆದರೆ ಅದು ನನ್ನನ್ನು ಮುಟ್ಟಲು ತುಂಬ ದಿನ ಹಿಡಿಯಿತು.

ತಿರುವನಂತಪುರದಲ್ಲಿ ನನ್ನ ಟೇಬಲ್ ಕಿಟಕಿಯ ಹತ್ತಿರ. ಇಂಜಿನಿಯರ್ ಬಂದು ಕೊಚ್ಚಿಯಿಂದ ತಂದ ಫೋನನ್ನು ಸಿಕ್ಕಿಸಿಕೊಟ್ಟಳು. ನಂಬರು ಅದೇ. ಕೊಚ್ಚಿಯವರು ಅದೇ ನಂಬರು ಒತ್ತಿದರೆ ನಾನೇ ಎತ್ತುತ್ತಿದ್ದೆ. ರಿಸೆಪ್ಶನ್‌ನವಳಿಗೆ ನಾನು ಹೋದದ್ದು ಗೊತ್ತಿತ್ತು. ಏಲೂರಿನ ನಮ್ಮ ಕೋಣೆಯಲ್ಲಿ ಕೂರುವವನಿಗೆ ಯಾರೂ ಹೇಳಿರಲಿಲ್ಲ.

"ಚೇಚಿ, ಸಾರ್ ಅಲ್ಲೇ ಪಕ್ಕದಲ್ಲಿದ್ದರೆ ಒಮ್ಮೆ ಕರೆಯಿರಿ," ಎನ್ನುತ್ತಿದ್ದ.

"ಕರೀತೇನೆ," ಎಂದು ಕೊಚ್ಚಿಗೆ ಲೈನ್ ದಾಟಿಸುತ್ತಿದ್ದೆ. ಸಾರ್ ಎತ್ತುತ್ತಿದ್ದರು. ಇದು ತಿಂಗಳುಗಟ್ಟಲೆ ನಡೆಯಿತು. ನಾನು ಆ ಊರು ಬಿಟ್ಟದ್ದು ಅವನಿಗೆ ತಿಳಿಯಲೇ ಇಲ್ಲ. ತಿಳಿಸಬೇಕೆಂದು ನನಗೂ ಅನಿಸಲಿಲ್ಲ.

ನಿಮ್ಮ ಅಮ್ಮ ಸಂಜೆ ಟ್ಯೂಷನ್ ಮುಗಿಸಿ ಹಾಸ್ಟೆಲಿಗೆ ಹೋಗುವ ದಾರಿಯಲ್ಲಿ ಲ್ಯಾಬಿಗೆ ಬರುತ್ತಿದ್ದಳು. ರಿಸೆಪ್ಶನ್‌ನವಳು ಫೋನನ್ನು ಅವಳ ಕಡೆಗೆ ತಿರುಗಿಸಿಕೊಡುತ್ತಿದ್ದಳು.

"ತಿಂಡಿ ಆಯ್ತಾ?" ಎಂದು ನಾನು.

"ಆಯ್ತು. ನಿನ್ನದು?"

"ಆಯ್ತು."

ಆಮೇಲೆ ಇಬ್ಬರಿಗೂ ಮಾತಿರುತ್ತಿರಲಿಲ್ಲ. ಆದರೂ ಅವಳು ಇಡುತ್ತಿರಲಿಲ್ಲ. ಬೇರೆ ಕರೆ ಬರುವ ತನಕ ನಾನೂ ಇಡುತ್ತಿರಲಿಲ್ಲ. ಅವಳ ಉಸಿರು ಕೇಳುತ್ತಿತ್ತು. ಒಂದು ಸಂಜೆ ಹಾಗೆ ಹಿಡಿದು ಕೂತಿದ್ದಾಗ ನನ್ನ ಕಣ್ಣಿನಿಂದ ನೀರು ಬಂತು. ಯಾಕೆಂದು ತಿಳಿಯಲಿಲ್ಲ. ರಿಪೋರ್ಟ್ ತೆಗೆದುಕೊಳ್ಳಲು ಬಂದವರು ನೋಡಿ, ಆಮೇಲೆ ಬರುತ್ತೇವೆ ಎಂದು ಹೋದರು.

ಪರೀಕ್ಷೆ ಮುಗಿದ ದಿನ ಅವಳು ಮಧ್ಯಾಹ್ನವೇ ಫೋನ್ ಮಾಡಿದಳು.

"ಕೆಮಿಸ್ಟ್ರಿಯೂ ಮುಗೀತಮ್ಮ."

"ಹೇಗಿತ್ತು?"

"ಪರವಾಗಿಲ್ಲ. ಇಂಜಿನಿಯರಿಂಗ್ ಸಿಗ್ತದೆ."

ಆ ಭಾನುವಾರ ಭಾವನವರ ಫೋನ್ ಬಂದಾಗ, ಅವರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, ನಾವು ಬರುವುದಿಲ್ಲ, ಅವಳು ಇಂಜಿನಿಯರಿಂಗ್ ಓದುತ್ತಾಳೆ, ಇಲ್ಲಿ, ನನ್ನ ಜೊತೆ. "ನೋಡುವಾ," ಎಂದರು ಅವರು.

"ನೋಡುವುದೆಂತ ಉಂಟು ಭಾವ," ಎಂದೆ.